ಸ್ಪರ್ಶಫಲಕ ಮತ್ತು ಬೆರಳ ಸನ್ನೆ: ಉಗಮ, ಮುನ್ನಡೆ

ಯಂತ್ರವನ್ನು ನಿರ್ಮಿಸಿದ ದಿನದಿಂದಲೂ, ಅದಕ್ಕೆ ತನ್ನ ಇಚ್ಛೆಯನ್ನು ತಿಳಿಸುವ ಬಗೆ ಹೇಗೆಂಬ ಪ್ರಶ್ನೆ ಮಾನವನನ್ನು ಬಿಟ್ಟಿಲ್ಲ. ಎತ್ತನ್ನು ನಡೆಸಲು ಹಗ್ಗವಿದ್ದಂತೆ ಮೋಟಾರನ್ನು ನಡೆಸಲು ಚಕ್ರ ಬಂದಿತು; ಗಣಕಯಂತ್ರಕ್ಕೆ ಕೀಲಿಮಣೆ, ಅನಂತರ ಮೌಸ್, ಬಳಿಕ ಸ್ಪರ್ಶಫಲಕ ಒದಗಿದವು. ವ್ಯವಹಾರದಲ್ಲಿ ಟಚ್‌ಪ್ಯಾಡ್ ಎಂದು ಕರೆಯಲ್ಪಡುವ, ಲ್ಯಾಪ್‌ಟಾಪಿನ ಕೀಲಿಮಣೆಯ ಕೆಳಗಿರುವ ಅಂಗೈಯಗಲದ ಈ ಫಲಕವು ಎಲ್ಲಿಂದ ಬಂದಿತು, ಎತ್ತ ಸಾಗಿದೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಡಗ್ಲಸ್ ಎಂಗೆಲ್‌ಬಾರ್ಟ್ ಅವರು ತಾವು ರೂಪಿಸಿದ ಮೌಸನ್ನು 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಾರ್ವಜನಿಕವಾಗಿ ಪ್ರದರ್ಶಿಸಿದರು. ಆದರೆ ಮೌಸಿಗೆ ಮೇಜು ಬೇಕು. ತೊಡೆಯ ಮೇಲಿನ ಗಣಕಕ್ಕೆ ಮೇಜೆಲ್ಲಿಯದು? ಆದ್ದರಿಂದ 1991ರಲ್ಲಿ ಆಪಲ್ ಸಂಸ್ಥೆಯ ಪವರ್‌ಬುಕ್ಕಿನಲ್ಲಿ ಬೆರಳಿನಿಂದ ಉರುಳಿಸುವ ಗುಂಡು ಕಾಣಿಸಿಕೊಂಡಿತು. 1992ರಲ್ಲಿ ಐಬಿಎಂ ಸಂಸ್ಥೆಯ ಥಿಂಕ್‌ಪ್ಯಾಡಿನ ಕೀಲಿಗಳ ನಡುವೆ ಪುಟ್ಟ ಕೆಂಪು ಗುಬುಟು ಬಂದಿತು. ಜಾರ್ಜ್ ಗರ್ಫೈಡ್ ಅವರು 1980ರ ದಶಕದ ಕೊನೆಯಲ್ಲಿ ರೂಪಿಸಿದ ಸ್ಪರ್ಶಫಲಕದ ವಿಧಾನವು 1994ರಲ್ಲಿ ಪವರ್‌ಬುಕ್ 500 ಮಾಲಿಕೆಯಲ್ಲಿ ನೆಲೆಗೊಂಡ ಮೇಲೆ ಉಳಿದವು ಕ್ರಮೇಣ ಹಿಂದೆ ಸರಿದವು.

ಇದರ ಕಾರ್ಯವಿಧಾನ ಸರಳವಾದುದು. ನೆಯ್ದ ಬಟ್ಟೆಯಲ್ಲಿ ಹಾಸುಹೊಕ್ಕುಗಳಿರುವಂತೆ ಫಲಕದ ಒಳಗೆ ಉದ್ದಕ್ಕೂ ಅಡ್ಡಕ್ಕೂ ವಿದ್ಯುದ್ವಾಹಕ ಎಳೆಗಳಿರುತ್ತವೆ. ಮಾನವದೇಹವೂ ವಿದ್ಯುದ್ವಾಹಕವಾದ ಕಾರಣ, ಬೆರಳು ಸಮೀಪಿಸಿದೊಡನೆ ಆ ಎಳೆಗಳ ನಡುವಣ ವಿದ್ಯುತ್‌ಕ್ಷೇತ್ರ ವ್ಯತ್ಯಾಸಗೊಳ್ಳುತ್ತದೆ. ಈ ವ್ಯತ್ಯಾಸವನ್ನು ಕ್ಷಣಕ್ಷಣಕ್ಕೂ ಅಳೆದು ಬೆರಳಿನ ಸ್ಥಾನವನ್ನು ನಿರ್ಣಯಿಸಲಾಗುತ್ತದೆ. ಒಣ ಕಡ್ಡಿಯಿಂದ ಎಷ್ಟೇ ಒತ್ತಿದರೂ ಬಾಣದ ಗುರುತು ಕದಲದಿರುವುದಕ್ಕೂ, ಒದ್ದೆ ಕೈಯಿಂದ ಮುಟ್ಟಿದಾಗ ಅದು ಅಡ್ಡಾದಿಡ್ಡಿಯಾಗಿ ಓಡುವುದಕ್ಕೂ ಇದೇ ಕಾರಣ.

ಒಂದು ಬೆರಳಿನಿಂದ ಹಲವು ಬೆರಳುಗಳಿಗೆ ಈ ವಿದ್ಯೆ ವಿಸ್ತರಿಸಿದ ಬಗೆ ಮನಮುಟ್ಟುವಂಥದು. ಡೆಲವೇರ್ ವಿಶ್ವವಿದ್ಯಾನಿಲಯದ ಸಂಶೋಧಕ ವೇಯ್ನ್ ವೆಸ್ಟರ್‌ಮನ್ ಅವರು ಕೀಲಿ ಒತ್ತಿ ಒತ್ತಿ ಕೈನೋವಿನಿಂದ ಬಳಲಿದವರು. ಬಲಪ್ರಯೋಗವಿಲ್ಲದೆ, ಕೇವಲ ಸ್ಪರ್ಶದಿಂದ ಕೆಲಸ ಸಾಗಬೇಕೆಂಬುದು ಅವರ ಹಂಬಲ. ಪ್ರಾಧ್ಯಾಪಕ ಜಾನ್ ಇಲಿಯಾಸ್ ಅವರೊಡನೆ 1998ರಲ್ಲಿ ಅವರು ಫಿಂಗರ್‌ವರ್ಕ್ಸ್ ಎಂಬ ಸಂಸ್ಥೆಯನ್ನು ಆರಂಭಿಸಿದರು. 2005ರಲ್ಲಿ ಅದನ್ನು ಆಪಲ್ ಕೊಂಡಿತು. 2007ರಲ್ಲಿ ಐಫೋನ್ ಬಂದಿತು. 2008ರಲ್ಲಿ ಅದೇ ಸಂಸ್ಥೆಯ ಲ್ಯಾಪ್‌ಟಾಪುಗಳಿಗೆ ಹಲವು ಬೆರಳುಗಳ ಸನ್ನೆಯನ್ನರಿಯುವ ಗಾಜಿನ ಫಲಕ ದೊರೆಯಿತು. 2015ರ ಫಲಕವಂತೂ ಒತ್ತಿದಾಗ ಕುಸಿಯುವುದೇ ಇಲ್ಲ. ವಿದ್ಯುತ್ಕಾಂತದ ಕಂಪನದಿಂದ ಒತ್ತಿದ ಅನುಭವವನ್ನಷ್ಟೇ ಬೆರಳಿಗೆ ಕೊಡುತ್ತದೆ.

ಮುಂದೇನು? ಯಾವುದನ್ನೂ ಮುಟ್ಟದೆ ಗಾಳಿಯಲ್ಲಿ ಕೈಬೀಸುವುದೇ ಭವಿಷ್ಯವೆಂದು ಕೆಲವರು ಭಾವಿಸಿದ್ದರು. 2010ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಕಿನೆಕ್ಟ್ ಆ ಹಾದಿಯಲ್ಲಿ ನಡೆಯಿತು. 2017ರಲ್ಲಿ ಅದರ ತಯಾರಿಕೆ ನಿಂತಿತು. ಎತ್ತಿದ ತೋಳು ಬಹುಬೇಗ ಸೋಲುವುದೆಂಬುದು ಈ ಹಾದಿಯ ಸಹಜ ತೊಡಕು. 2024ರಲ್ಲಿ ಬಂದ ಆಪಲ್ ವಿಷನ್ ಪ್ರೊ ಎಂಬ ಸಾಧನದಲ್ಲಿ ಕಣ್ಣು ವಸ್ತುವನ್ನು ನೋಡುತ್ತದೆ, ತೊಡೆಯ ಮೇಲಿಟ್ಟ ಕೈಯ ಎರಡು ಬೆರಳುಗಳು ಕೂಡಿದರೆ ಸಾಕು. 2025ರಲ್ಲಿ ಮೆಟಾ ಸಂಸ್ಥೆ ಹೊರತಂದ ಮಣಿಕಟ್ಟಿನ ಪಟ್ಟಿಯು ಸ್ನಾಯುಗಳ ವಿದ್ಯುತ್ಸಂಜ್ಞೆಯನ್ನೇ ಗ್ರಹಿಸುತ್ತದೆ. ಸನ್ನೆ ದೊಡ್ಡದಾಗುತ್ತಿಲ್ಲ, ಸೂಕ್ಷ್ಮವಾಗುತ್ತಿದೆ. ಆದರೂ ಬರೆಯಲು ಕುಳಿತವನ ಕೈಗೆ ಆಸರೆಯಾಗಿ, ಕೀಲಿಮಣೆಯ ಪಕ್ಕದಲ್ಲೇ ಇರುವ ಫಲಕವು ಬೇಗನೆ ಮರೆಯಾಗುವ ಸಂಭವ ಕಡಮೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಗುಂಡಿಯು ತಾನಿರುವುದನ್ನು ತಾನೇ ತೋರಿಸುತ್ತದೆ. ಸನ್ನೆಗೆ ಅಂಥ ಗುರುತಿಲ್ಲ. ಮೂರು ಬೆರಳು ಸರಿಸಿದರೆ ಏನಾಗುವುದೆಂದು ಯಾರಾದರೂ ಹೇಳಿಕೊಡಬೇಕು, ಮತ್ತು ಅದರ ಅರ್ಥವೂ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗಬಹುದು. ಡೊನಾಲ್ಡ್ ನಾರ್ಮನ್ ಮತ್ತು ಜೇಕಬ್ ನೀಲ್ಸನ್ ಎಂಬ ತಜ್ಞರು 2010ರಲ್ಲಿಯೇ ಈ ಕೊರತೆಯನ್ನು ಎತ್ತಿ ತೋರಿಸಿದ್ದರು. ಕೈ ನಡುಗುವ ವೃದ್ಧರಿಗೆ, ಬೆರಳು ಕಳೆದುಕೊಂಡವರಿಗೆ, ಬಾಣದ ಗುರುತನ್ನು ಕಾಣಲಾರದ ಅಂಧರಿಗೆ ಸನ್ನೆಯೊಂದೇ ದಾರಿಯಾದರೆ ಅದು ದಾರಿಯಲ್ಲ, ಮುಚ್ಚಿದ ಬಾಗಿಲು. ಸನ್ನೆಯಿಂದಾಗುವ ಪ್ರತಿಯೊಂದು ಕೆಲಸವೂ ಕೀಲಿಯಿಂದಲೂ ಆಗುವಂತಿರಬೇಕು. ಗಣಕವನ್ನು ಕಲಿಸುವ ಉಪಾಧ್ಯಾಯರು ಎರಡನ್ನೂ ಕಲಿಸಬೇಕು.

ನೊಂದ ಕೈಯೊಂದರ ಅಗತ್ಯದಿಂದ ಬೆಳೆದ ವಿದ್ಯೆಯಿದು. ಇತರ ನೊಂದ ಕೈಗಳನ್ನು ಅದು ಹೊರಗಿಡದಂತೆ ನೋಡಿಕೊಳ್ಳುವುದರಲ್ಲಿಯೇ ಅದರ ಮುನ್ನಡೆಯ ಸಾರ್ಥಕತೆಯಿದೆ.