ಕೆರೆಯಂಚಿನ ಹಳದಿ ಹೂ: ಸಾಸಿವೆ ಹೌದೋ, ಅಲ್ಲವೋ?

ಕಳೆದ ಫಾಲ್ಗುಣದಲ್ಲಿ ಪಕ್ಕದ ಮನೆಯ ಅಕ್ಕ ಮೊರದಲ್ಲಿ ಎರಡು ಹಿಡಿ ಕಪ್ಪು ಬೀಜ ತಂದು ತೋರಿಸಿದರು. "ಕೆರೆ ಅಂಗಳದಲ್ಲಿ ಹಳದಿ ಹೂ ಬಿಟ್ಟಿತ್ತಲ್ಲ, ಕಾಡುಸಾಸಿವೆ ಕಣಪ್ಪಾ. ಒಗ್ಗರಣೆಗೆ ಆಗುತ್ತೆ ಅಲ್ವಾ?" ಅಂದರು. ಬೀಜ ನೋಡಿ ನನಗೂ ಸಾಸಿವೆಯೇ ಅನ್ನಿಸಿತು. ಆದರೆ ಅಕ್ಕನ ಕೈ ತುಂಬ ಗೀರು. ಸಾಸಿವೆ ಗಿಡಕ್ಕೆ ಮುಳ್ಳೆಲ್ಲಿಂದ ಬಂತು? ಗಿಡ ತೋರಿಸಿ ಅಂತ ಜೊತೆಗೇ ಹೊರಟೆ.

ನಮ್ಮದು ಹಾಸನ ಸೀಮೆ. ಬೇಸಿಗೆಗೆ ಕೆರೆ ನೀರು ಹಿಂದೆ ಸರಿದಂತೆ ಬರಿದಾದ ಕೆಸರಲ್ಲಿ ಏನೇನೋ ಹುಟ್ಟುತ್ತದೆ. ಅದರಲ್ಲಿ ಹಳದಿ ಹೂವಿನವೇ ನಾಲ್ಕು ಬಗೆ ಸಿಕ್ಕವು. ನಿಜವಾಗಿ ಸಾಸಿವೆ ಕುಲದ್ದು ಒಂದೇ.

ಅದು ಇನ್ನೂ ಜೌಗು ಆರದ ಜಾಗದಲ್ಲಿತ್ತು. ಮೊಳದೆತ್ತರ, ಬುಡದ ಎಲೆ ಮೂಲಂಗಿ ಸೊಪ್ಪಿನ ಹಾಗೆ ಸೀಳು ಸೀಳು. ಹೂ ಬಹಳ ಸಣ್ಣದು, ಎಸಳು ಅಕ್ಕಿಕಾಳಿಗಿಂತ ಚಿಕ್ಕವು. ಸಸ್ಯಶಾಸ್ತ್ರದಲ್ಲಿ ಇದು ರೊರಿಪ್ಪ ಇಂಡಿಕ. ನಮ್ಮೂರಲ್ಲಿ ಯಾರನ್ನು ಕೇಳಿದರೂ ಹೆಸರಿಲ್ಲ, ನಾವೇ ಈಗ ಕೆರೆಸಾಸಿವೆ ಅನ್ನತೊಡಗಿದ್ದೇವೆ.

ಸಾಸಿವೆ ಕುಲವನ್ನು ಗುರುತಿಸಲು ಮೊದಲು ಎಸಳು ಎಣಿಸಿ. ನಾಲ್ಕು ಇರಬೇಕು, ಎದುರುಬದುರಾಗಿ. ಆಮೇಲೆ ಒಳಗಿನ ಕೇಸರ ಎಣಿಸಿ: ಆರು, ಅದರಲ್ಲಿ ನಾಲ್ಕು ಉದ್ದ, ಎರಡು ಗಿಡ್ಡ. ಹೂ ಸಣ್ಣದಾದ್ದರಿಂದ ಭೂತಗನ್ನಡಿ ಬೇಕು. ಮಕ್ಕಳ ಕೈಗೆ ಕೊಟ್ಟರೆ ನಮಗಿಂತ ಚೆನ್ನಾಗಿ ಎಣಿಸುತ್ತಾರೆ. ಕಾಯಿಯಂತೂ ಬರಿಗಣ್ಣಿಗೇ ಗೊತ್ತಾಗುತ್ತದೆ. ಒಂದೂವರೆ, ಎರಡು ಸೆಂಟಿಮೀಟರ್ ಉದ್ದದ ಕಡ್ಡಿಯಂಥ ಕಾಯಿ, ಸ್ವಲ್ಪ ಮೇಲಕ್ಕೆ ಬಾಗಿರುತ್ತದೆ. ಒಣಗಿದಾಗ ಎರಡು ಸಿಪ್ಪೆ ಕಳಚಿ ನಡುವೆ ತೆಳು ಪೊರೆ ನಿಲ್ಲುತ್ತದೆ, ಮನೆ ಸಾಸಿವೆಯಲ್ಲಿ ಇರುವಂತೆಯೇ. ಬೀಜ ಮಾತ್ರ ಪುಡಿ ಪುಡಿ. ಒಗ್ಗರಣೆಗೆ ಕೂಡಿಡುವಷ್ಟು ಸಿಗುವ ಮಾತೇ ಇಲ್ಲ.

ನಾಯಿಸಾಸಿವೆಗೂ ನಾಲ್ಕು ಎಸಳು, ಆದರೆ ಎಲ್ಲವೂ ಒಂದೇ ಕಡೆಗೆ ತಿರುಗಿರುತ್ತವೆ, ಕೇಸರ ಹತ್ತಕ್ಕೂ ಹೆಚ್ಚು, ಗಿಡ ಮುಟ್ಟಿದರೆ ಅಂಟು. ಗದ್ದೆ ಬದುವಿನಲ್ಲಿ ಬರುವ ಲುಡ್ವಿಜಿಯಾ ಎಂಬ ಕಳೆಯ ಹೂವೂ ನಾಲ್ಕೆಸಳಿನದೇ. ಅಲ್ಲಿ ಎಸಳು ಎಳೆಗಾಯಿಯ ತುದಿಯಲ್ಲಿ ಕೂತಿರುತ್ತದೆ. ಸಾಸಿವೆಯಲ್ಲಿ ಕಾಯಿ ಹೂವಿನ ಒಳಗಿಂದ ಹೊರಟು ಬರುತ್ತದೆ.

ಅಕ್ಕ ಬಿಡಿಸಿದ್ದು ನಾಲ್ಕನೆಯದು, ಸ್ವಲ್ಪ ಮೇಲೆ ಒಣನೆಲದಲ್ಲಿದ್ದದ್ದು. ಬಿಳಿ ಗೆರೆಯ ಮುಳ್ಳೆಲೆ, ದೊಡ್ಡ ಹಳದಿ ಹೂ, ಕೇಸರ ಎಣಿಸಲಾಗದಷ್ಟು, ಮುರಿದರೆ ಅರಿಸಿನ ಬಣ್ಣದ ಹಾಲು. ಅರಿಸಿನ ಉಮ್ಮತ್ತ! ಕೆಲವರು ದತ್ತೂರಿ ಎನ್ನುತ್ತಾರೆ. ಸಾಸಿವೆಗೂ ಇದಕ್ಕೂ ಸಂಬಂಧವೇ ಇಲ್ಲ, ಇದು ಗಸಗಸೆ ಕುಲದ್ದು. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಇದರ ಎಣ್ಣೆ ಬೆರೆತು 60ಕ್ಕೂ ಹೆಚ್ಚು ಜನ ಸತ್ತರು. ಕಾಲು ಬಾತು, ಉಸಿರು ಕಟ್ಟಿ, ಹೃದಯ ಸೋಲುವ ವಿಷ ಇದು. ಹುರಿದರೆ, ಕುದಿಸಿದರೆ ಹೋಗುತ್ತದೆ ಅಂತ ನಂಬಬೇಡಿ.

ಬೀಜ ಬೆರೆತಿದೆ ಅಂತ ಅನುಮಾನವಿದ್ದರೆ ಬಿಳಿ ತಟ್ಟೆಯಲ್ಲಿ ಹರಡಿ. ಸಾಸಿವೆ ನುಣುಪು, ಉಮ್ಮತ್ತದ ಬೀಜ ಒರಟು, ಹೆಚ್ಚು ಕಪ್ಪು. ಒತ್ತಿ ಒಡೆದರೆ ಸಾಸಿವೆಯ ಒಳಗೆ ಹಳದಿ, ಅದರ ಒಳಗೆ ಬಿಳಿ.

ಸಾಸಿವೆ ಬೆಳೆಯುವವರು ಉಮ್ಮತ್ತವನ್ನು ಕಾಯಿ ಬಲಿಯುವ ಮೊದಲೇ ಕಿತ್ತುಹಾಕಬೇಕು. ಕೆರೆಸಾಸಿವೆಯಿಂದ ಅಂಥ ಭಯವಿಲ್ಲ. ಹತ್ತಿರ ಎಲೆಕೋಸು ಹಾಕಿದವರು ಮಾತ್ರ ಅದನ್ನೂ ತೆಗೆಯುವುದು ಮೇಲು, ಕೋಸಿನ ಹುಳಕ್ಕೆ ಸಾಸಿವೆ ಕುಲದ ಕಳೆಗಳೆಲ್ಲ ಆಸರೆ.

ಮೊರದ ಬೀಜವನ್ನು ಆಳವಾಗಿ ಗುಂಡಿ ತೋಡಿ ಹೂತೆವು. ಅಕ್ಕ ಮನೆಗೆ ಹೋದವರೇ ಸಾಸಿವೆ ಡಬ್ಬಿಯನ್ನೂ ತಟ್ಟೆಗೆ ಸುರಿದು ಕೂತರು. ಹಿಂದಿನ ವಾರ ಒಂದು ಚಮಚ ಅದಕ್ಕೆ ಸೇರಿಸಿದ್ದರಂತೆ.