ಆಪರೇಷನ್ ಇಲ್ಲದೆ ಗುಣವಾಗುವ ಬೆನ್ನುಮೂಳೆಯ ಟಿಬಿ

ನಂಜನಗೂಡು, ಟಿ. ನರಸೀಪುರದ ಕಡೆ ನಾಟಿ, ಕಳೆ ಎಂದು ಗದ್ದೆಗೆ ಇಳಿಯುವವರಿಗೆ ಬೆನ್ನುನೋವು ಹೊಸದಲ್ಲ. ಎರಡು ದಿನ ವಿಶ್ರಾಂತಿ ಪಡೆದರೆ ಸರಿಹೋಗುತ್ತದೆ. ಆದರೆ ಮೂರ್ನಾಲ್ಕು ವಾರವಾದರೂ ಬಿಡದ, ರಾತ್ರಿ ಮಲಗಿದಾಗಲೂ ಕಾಡುವ ನೋವಿನ ಜೊತೆ ಸಂಜೆಯ ಸಣ್ಣ ಜ್ವರ, ತೂಕ ಇಳಿಯುವುದು, ಊಟ ಸೇರದಿರುವುದು ಇದ್ದರೆ ಬೆನ್ನುಮೂಳೆಯ ಟಿಬಿ ಇದೆಯೇ ಎಂದು ನೋಡಲೇಬೇಕು. ಕೆಮ್ಮು ಇಲ್ಲದೆಯೂ ಇದು ಬರುತ್ತದೆ. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಕಾಣದಿರಬಹುದು, ಎಂಆರ್‌ಐನಲ್ಲಿ ತಿಳಿಯುತ್ತದೆ.

ಹೆಸರು ಕೇಳಿದೊಡನೆ ಮನೆಯವರು ಆಪರೇಷನ್‌ಗೆ ಹೆದರಿ ಸಾಲಕ್ಕೆ ಓಡಾಡುತ್ತಾರೆ. ಕಾಲಿನ ಶಕ್ತಿ ಸರಿಯಿದ್ದು, ಮೂಳೆ ಹೆಚ್ಚು ಕುಸಿಯದಿದ್ದರೆ ಸಾಮಾನ್ಯವಾಗಿ ಮಾತ್ರೆಯೇ ಸಾಕು. ಔಷಧಿ ಇಲ್ಲದ ಕಾಲದಲ್ಲಿ ರೋಗಿಗಳು ತಿಂಗಳುಗಟ್ಟಲೆ ಸ್ಯಾನಟೋರಿಯಂಗಳಲ್ಲಿ ಮಲಗಿರಬೇಕಿತ್ತು. ಮೈಸೂರಿನ ಪಿಕೆಟಿಬಿ ಆಸ್ಪತ್ರೆ ಆ ಕಾಲದ್ದೇ. 1960ರ ದಶಕದಲ್ಲಿ ಕೊರಿಯಾದಲ್ಲಿ ನಡೆದ ಅಧ್ಯಯನದಲ್ಲಿ, ಔಷಧಿ ತಿನ್ನುತ್ತಾ ಓಡಾಡಿಕೊಂಡಿದ್ದವರೂ ಹಾಸಿಗೆಯಲ್ಲಿ ಮಲಗಿದ್ದವರಷ್ಟೇ ಗುಣವಾದರು. ನಮ್ಮ ದೇಶದಲ್ಲಿ ಬನಾರಸ್‌ನ ಮೂಳೆತಜ್ಞ ಡಾ. ಎಸ್.ಎಂ. ತುಲಿ, ಮೊದಲು ಔಷಧಿ ಕೊಟ್ಟು, ಅದಕ್ಕೆ ಜಗ್ಗದವರಿಗೆ ಮಾತ್ರ ಆಪರೇಷನ್ ಮಾಡುವ ಮಧ್ಯಮ ಮಾರ್ಗವನ್ನು 1975ರಲ್ಲಿ ಫಲಿತಾಂಶಗಳೊಂದಿಗೆ ಪ್ರಕಟಿಸಿದರು.

ಸಾಮಾನ್ಯವಾಗಿ ಎರಡು ತಿಂಗಳು ನಾಲ್ಕು ಔಷಧಿ, ನಂತರ ಹತ್ತು ತಿಂಗಳು ಮೂರು ಔಷಧಿ. ಕೆಲವರಿಗೆ ಇನ್ನೂ ಮುಂದುವರಿಸಬೇಕಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಗರ್ಭನಿರೋಧಕ ಮಾತ್ರೆ ನುಂಗುವ ಸಹೋದರಿಯರು ಅದನ್ನೂ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ರಿಫಾಂಪಿಸಿನ್ ಅದರ ಶಕ್ತಿಯನ್ನು ಕುಂದಿಸುತ್ತದೆ. ದೊಡ್ಡ ಅಪಾಯ ಬೇರೆ ಇದೆ. ಎರಡು-ಮೂರು ತಿಂಗಳಲ್ಲಿ ನೋವು ಹೋಗುತ್ತದೆ, ರೋಗಿ ಮಾತ್ರೆ ನಿಲ್ಲಿಸುತ್ತಾನೆ. ಉಳಿದ ರೋಗಾಣು ಔಷಧಿಗೆ ಬಗ್ಗದಂತಾದರೆ ಚಿಕಿತ್ಸೆ ಇನ್ನಷ್ಟು ಕಷ್ಟ.

ಯುನಾನಿಯಲ್ಲಿ ಇದಕ್ಕೆ ಮದ್ದಿಲ್ಲವೇ ಎಂದು ಕೇಳುತ್ತಾರೆ. ನಾನು ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಈ ಮಾತ್ರೆಗಳಿಗೆ ಬದಲಿ ನಮ್ಮಲ್ಲಿಲ್ಲ. ಹಸಿವು, ನಿಶ್ಶಕ್ತಿಗೆ ಏನಾದರೂ ಕೊಡಬಹುದು, ಅದೂ ಟಿಬಿ ವೈದ್ಯರಿಗೆ ತಿಳಿಸಿ. ಕುಶ್ತಾ ಬೇಡ, ಯಕೃತ್ತಿಗೆ ಹೊರೆ ಹೆಚ್ಚಿಸಬಾರದು. ನೋಯುವ ಮೂಳೆಯ ಮೇಲೆ ಹಿಜಾಮ, ಮಾಲೀಶು, ನೆಟಿಗೆ ತೆಗೆಸುವುದು ಯಾವುದನ್ನೂ ಮಾಡಿಸಬೇಡಿ.

ರುಕೂ, ಸಜ್ದಾ ಮಾಡಲು ಕಷ್ಟವಾದರೆ ಕುರ್ಚಿಯ ಮೇಲೆ ಕುಳಿತು ನಮಾಝ್ ಮಾಡಬಹುದು. ರಮಝಾನ್ ಬಂದರೆ ಉಪವಾಸಕ್ಕೆ ರೋಗಿಗೆ ರಿಯಾಯಿತಿ ಇದೆ. ಉಪವಾಸಕ್ಕಾಗಿ ಮಾತ್ರೆ ತಪ್ಪಿಸಬೇಡಿ. ಶ್ವಾಸಕೋಶದ ಟಿಬಿ ಇಲ್ಲದಿದ್ದರೆ ಇದು ಇನ್ನೊಬ್ಬರಿಗೆ ಹರಡುವುದಿಲ್ಲ. ತಟ್ಟೆ-ಲೋಟ ಬೇರೆ ಮಾಡುವುದು, ಹೆಣ್ಣುಮಗಳ ಸಂಬಂಧ ಮುರಿಯುವುದು ಅನ್ಯಾಯ.

ಚಿಕಿತ್ಸೆಯ ನಡುವೆ ಕಾಲು ಎಡವತೊಡಗಿದರೆ, ಜುಮ್ಮುಗಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಬೆನ್ನಿನಲ್ಲಿ ಗೂನು ಎದ್ದರೆ ಅದೇ ದಿನ ಮೈಸೂರಿನ ದೊಡ್ಡ ಆಸ್ಪತ್ರೆಗೆ ಹೊರಡಿ. ಅಂಥವರಿಗೆ ಆಪರೇಷನ್ ಬೇಕಾಗಬಹುದು, ಆಗ ಅದಕ್ಕೆ ಹಿಂಜರಿಯಬಾರದು.