ಮುಂಡಗೋಡದಿಂದ ಹಾನಗಲ್ಲಿಗೆ: ಮೊದಲು ಕೆರೆ, ಆಮೇಲೆ ಗುಡಿ

ದಾಂಡೇಲಿ, ಜೋಯಿಡಾದ ಕಾಡು ನೋಡಲು ಬರುವವರು ಇನ್ನೊಂದು ದಿನ ಹೆಚ್ಚಿಗೆ ಇಟ್ಟುಕೊಂಡು ಬನ್ನಿ. ಹಳಿಯಾಳ, ಕಲಘಟಗಿ ಮೇಲೆ ಮುಂಡಗೋಡಕ್ಕೆ ಬಂದು ರಾತ್ರಿ ಉಳಿದರೆ, ಅಲ್ಲಿಂದ ಹಾನಗಲ್ಲು ಸುಮಾರು 30 ಕಿಲೋಮೀಟರ್. ಜಿಲ್ಲೆ ಹಾವೇರಿಯಾಗುತ್ತದೆ, ಕಾಡು ಕಳೆದು ಗದ್ದೆ ಬಯಲು ತೆರೆದುಕೊಳ್ಳುತ್ತದೆ. ಶಾಸನಗಳು ಈ ಊರನ್ನು ಪಾನುಂಗಲ್ಲು ಎನ್ನುತ್ತವೆ. ಊರವರಿಗೆ ಇದು ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರ.

ಬಂದವರು ಸಾಮಾನ್ಯವಾಗಿ ನೇರ ತಾರಕೇಶ್ವರನ ಗುಡಿಗೆ ನಡೆಯುತ್ತಾರೆ. ನೀವು ಮೊದಲು ಆನೆಕೆರೆಗೆ ಹೋಗಿ, ಬಿಸಿಲೇರುವ ಮುಂಚೆ. 1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಈ ಊರಿಗೆ ಮುತ್ತಿಗೆ ಹಾಕಿದಾಗ ಬೀಡುಬಿಟ್ಟದ್ದು ಈ ಕೆರೆಯ ಪಕ್ಕದಲ್ಲಿ. ಅಷ್ಟು ದೊಡ್ಡ ದಂಡಿಗೆ, ಆನೆ ಕುದುರೆಗಳಿಗೆ ನೀರು ಬೇಕಲ್ಲ! ಅವನ ಅಜ್ಜ ವಿಷ್ಣುವರ್ಧನನೂ ಹಾನಗಲ್ಲನ್ನು ಗೆದ್ದಿದ್ದ, ಆದರೆ ಊರು ಹೊಯ್ಸಳರ ಕೈಯಲ್ಲಿ ಉಳಿದಿರಲಿಲ್ಲ. ಕಲ್ಯಾಣ ಚಾಲುಕ್ಯರ ಸಾಮಂತರಾಗಿ ಪಾನುಂಗಲ್ಲು ಐನೂರನ್ನು ಆಳಿದ ಕದಂಬರ ವಂಶದ ಕಾಮದೇವ ಆಗ ಇಲ್ಲಿಯ ದೊರೆ. ಅವನ ದಂಡನಾಯಕ ಸೋಹಣಿ, ಮಗ ಪದ್ಮಯ್ಯನ ಜೊತೆ ನಿಂತು ಹೊಯ್ಸಳರನ್ನು ಹಿಮ್ಮೆಟ್ಟಿಸಿದ. ಅದೇ ಕಾಳಗದಲ್ಲಿ ಮಡಿದ. ಮುಂದೆ ಮೇಲುಗೈ ಬಲ್ಲಾಳನದಾಯಿತು. ಸೇವುಣರು, ವಿಜಯನಗರದವರು, ಬಿಜಾಪುರದ ಆದಿಲಶಾಹಿಗಳು, ಸವಣೂರಿನ ನವಾಬರು, ಮರಾಠರು, ಇಂಗ್ಲಿಷರು ಒಬ್ಬರಾದ ಮೇಲೊಬ್ಬರು ಬಂದರು. ನನ್ನ ಮನಸ್ಸು ಮಾತ್ರ ಸೋಹಣಿಯ ಬಳಿಯೇ ನಿಲ್ಲುತ್ತದೆ.

ಆಮೇಲೆ ತಾರಕೇಶ್ವರ. ಚಾಲುಕ್ಯ ಶೈಲಿಯ ಈ ಗುಡಿಗೆ ಕನಿಷ್ಠ ಒಂದು ಗಂಟೆ ಕೊಡಿ. ಮಂಟಪದ ನಡುವೆ ನಿಂತು, ಕಣ್ಣು ಕತ್ತಲೆಗೆ ಒಗ್ಗುವವರೆಗೆ ಕಾದು, ತಲೆ ಎತ್ತಿ: ಎಂಟು ಮೂಲೆಯ ಛಾವಣಿಯಿಂದ ಕಲ್ಲಿನ ಕಮಲವೊಂದು ಇಳಿಬಿದ್ದಿದೆ. ಗಡಿಬಿಡಿಯಲ್ಲಿ ಬಂದವರು ಇದನ್ನು ಸರಿಯಾಗಿ ನೋಡದೆಯೇ ಹೋಗುತ್ತಾರೆ, ಅದು ನನಗೆ ಸಂಕಟದ ಸಂಗತಿ. ಹೊರಗೆ ಬಂದ ಮೇಲೆ ವೀರಗಲ್ಲುಗಳನ್ನು ಬಿಡಬೇಡಿ. ಅವನ್ನು ಕೆಳಗಿನ ಪಟ್ಟಿಯಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಮುತ್ತಿಗೆಯ ಕಥೆ ನಮ್ಮವರೆಗೆ ಬಂದದ್ದು ಇಂಥ ಕಲ್ಲುಗಳಿಂದ. ಕೈಯಿಂದ ಉಜ್ಜುವುದು, ಸೀಮೆಸುಣ್ಣ ಬಳಿಯುವುದು ಬೇಡವೇ ಬೇಡ. ಸಮಯವಿದ್ದರೆ ಬಿಲ್ಲೇಶ್ವರ, ವೀರಭದ್ರ ಗುಡಿಗಳನ್ನೂ ನೋಡಿ.

ಅಕ್ಟೋಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ; ಮಳೆ ಮುಗಿದು ಕೆರೆಯಲ್ಲಿ ನೀರಿರುತ್ತದೆ. ರೈಲಿನಲ್ಲಿ ಬರುವವರು ಹಾವೇರಿಯಲ್ಲಿ ಇಳಿದು ಬಸ್ ಹಿಡಿಯಬಹುದು. ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ ಊಟ ಮುಗಿಸಿ ಹೊರಟರೆ, 1966ರಲ್ಲಿ ನೆಲೆಗೊಂಡ ಮುಂಡಗೋಡದ ಟಿಬೆಟಿಯನ್ ಕ್ಯಾಂಪನ್ನು ಹಗಲಿರುವಾಗಲೇ ಸೇರಬಹುದು.